ಸೀನಿದ ಮೇಲೂ ಏಳದ ನಾಯಿಗಳು

ಜುಲೈ ತಿಂಗಳ ಒಂದು ಶನಿವಾರ, ಸಂಜೆ ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ಅವು ಸೀನಿದವು. ಆದರೆ ಏಳಲಿಲ್ಲ.

ಹೊತ್ತು ಇಷ್ಟು ನಿಖರವಾಗಿ ನೆನಪಿರುವುದಕ್ಕೆ ಕಾರಣ, ಟಿವಿ ಪರದೆಯ ಮೂಲೆಯಲ್ಲಿ ಕ್ಯಾಮೆರಾದ ಗಡಿಯಾರ ಓಡುತ್ತಿತ್ತು. ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು, ಆರು ತಿಂಗಳು ಇದ್ದು ಹೋಗಲೆಂದು ಮೈಸೂರಿನಿಂದ ಬಂದಿದ್ದ ಅತ್ತೆ, ನಾಲ್ಕೂ ಜನ ಲ್ಯಾವಿಂಗ್ಟನ್ ಬಡಾವಣೆಯ ಮನೆಯ ಹಾಲಿನಲ್ಲಿ ಸ್ವೆಟರ್ ಹಾಕಿಕೊಂಡು ಕೂತಿದ್ದೆವು. ಜುಲೈ ಅಂದರೆ ನೈರೋಬಿಯಲ್ಲಿ ಬಿಸಿಲು ಮುಖ ತೋರಿಸದ ತಿಂಗಳು. ಮನೆಯಲ್ಲಿ ಎಲ್ಲರಿಗೂ ನೆಗಡಿ. ಆದ್ದರಿಂದ ಅವತ್ತು ಟಿವಿಯಲ್ಲಿ ಕೇಳಿಸಿದ ಸೀನುಗಳ ಜೊತೆಗೆ ಸೋಫಾದ ಮೇಲಿನ ಸೀನುಗಳೂ ಸೇರಿ ನಾವು ನಕ್ಕದ್ದು ನೆನಪಿದೆ. ಆ ನಗುವೇ ನನ್ನನ್ನು ಈಗಲೂ ಕಾಡುತ್ತದೆ.

ಪರದೆಯ ಮೇಲಿದ್ದದ್ದು ಆಫ್ರಿಕಾದ ಕಾಡುನಾಯಿಗಳ ಒಂದು ಗುಂಪು. ನಮ್ಮ ಬಂಡೀಪುರದ ಸೀಳುನಾಯಿಗೆ ದೂರದ ನೆಂಟ ಅನ್ನಬಹುದು, ಆದರೆ ನೋಡಲು ಬೇರೆಯೇ. ಕಪ್ಪು, ಬಿಳಿ, ಕಾವಿ ಬಣ್ಣಗಳನ್ನು ಯಾರೋ ಕೈಗೆ ಬಂದಂತೆ ಎರಚಿದ ಮೈ. ತಲೆಗೆ ಹೊಂದದಷ್ಟು ದೊಡ್ಡ ದುಂಡು ಕಿವಿ. ಬಾಲದ ತುದಿಗೆ ಬಿಳಿ ಕುಚ್ಚು. ಒಂದರ ಮೈಮೇಲಿನ ಮಚ್ಚೆ ಇನ್ನೊಂದರ ಮೇಲಿಲ್ಲ. ಕೀನ್ಯಾದ ದೂರದ ಉತ್ತರದಲ್ಲಿ ಅವು ಬಿಲ ಮಾಡಿಕೊಂಡಿದ್ದ ಗುಡ್ಡವನ್ನು ಕಲ್ಲುಗಣಿಯವರು ಒಡೆಯತೊಡಗಿದಾಗ, ಯಜಮಾನ ಗಂಡು, ಯಜಮಾನಿ ಹೆಣ್ಣು, ಹಿಂದಿನ ಸೂಲಿನ ನಾಲ್ಕು ಪ್ರಾಯದ ನಾಯಿಗಳು ಮತ್ತು ಐದು ಮರಿಗಳನ್ನು ಹಿಡಿದು ತಂದು, ನೈರೋಬಿಯ ದಕ್ಷಿಣದ ಅಂಚಿನಲ್ಲಿ, ಒಬ್ಬರ ಖಾಸಗಿ ಜಾಗದಲ್ಲಿ, ಎತ್ತರದ ತಂತಿಬೇಲಿಯೊಳಗೆ ಇಟ್ಟಿದ್ದರು. ಮರಿಗಳು ಓಡುವಷ್ಟು ದೊಡ್ಡವಾದ ಮೇಲೆ ಎಲ್ಲವನ್ನೂ ಮತ್ತೆ ಉತ್ತರಕ್ಕೆ ಬಿಡುವುದೆಂದು ಮಾತಾಗಿತ್ತು.

ಹೆಂಡತಿ ಮೈಸೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದವಳು. ನನ್ನದು ಮೊಬೈಲ್ ಟವರ್‌ಗಳ ಕೆಲಸ. ಕಂಪನಿ ನನ್ನನ್ನು ಇಲ್ಲಿಗೆ ಕಳಿಸಿದಾಗ ಅವಳೂ ಬಂದಳು, ಆದರೆ ಅವಳ ವೀಸಾದಲ್ಲಿ ಸಂಬಳದ ಕೆಲಸ ಮಾಡುವಂತಿರಲಿಲ್ಲ. ಒಂದು ವರ್ಷ ಮನೆಯಲ್ಲಿ ಸಿಡಿಮಿಡಿಗುಟ್ಟಿದಳು. ಆಮೇಲೆ ಯಾರದೋ ಪರಿಚಯದಿಂದ ಆ ಬೇಲಿಯ ಹತ್ತಿರ ಹೋಗಿ ಕೂತು, ನಾಯಿಗಳು ಯಾವಾಗ ಏನು ಮಾಡುತ್ತವೆಂದು ಬರೆದುಕೊಳ್ಳುವ ಕೆಲಸ ಸಿಕ್ಕಿತು. ಸಂಬಳವಿಲ್ಲ, ಮಧ್ಯಾಹ್ನ ಚಹಾ ಇದೆ. ಅವಳು ಮತ್ತೆ ಮನುಷ್ಯಳಾದಳು. ಅವಳ ಖುಷಿಗೆಂದು ನಾನು ಒಂದು ಭಾನುವಾರ ಅಲ್ಲಿಯ ನೀರಿನ ಟ್ಯಾಂಕಿನ ಮೇಲೆ ಕ್ಯಾಮೆರಾ, ಮೈಕು ಕೂರಿಸಿ ನಮ್ಮ ಮನೆಯ ಟಿವಿಗೆ ಸಂಪರ್ಕ ಕೊಟ್ಟೆ. ಅಲ್ಲಿಂದ ಮುಂದೆ ಸಂಜೆಯ ಕಾಫಿಗೆ ನಮ್ಮ ಮನೆಯಲ್ಲಿ ಧಾರಾವಾಹಿ ಇಲ್ಲ, ನಾಯಿಗಳೇ.

ಹಗಲೆಲ್ಲ ಅವು ನೆರಳಿನಲ್ಲಿ ಒಂದರ ಮೇಲೊಂದು ಬಿದ್ದು ಮಲಗಿರುತ್ತಿದ್ದವು. ಬಿಸಿಲು ಇಳಿದಾಗ ಒಂದು ಏಳುತ್ತಿತ್ತು. ಮೈಮುರಿದು ಇನ್ನೊಂದರ ಬಾಯಿ ನೆಕ್ಕುತ್ತಿತ್ತು. ಆಮೇಲೆ ಎಲ್ಲವೂ ಎದ್ದು, ತಲೆ ತಗ್ಗಿಸಿ, ಕಿವಿ ಹಿಂದಕ್ಕೆ ಮಡಚಿ, ಹಕ್ಕಿಗಳಂತೆ ಚಿಲಿಪಿಲಿಗುಟ್ಟುತ್ತ ಒಂದಕ್ಕೊಂದು ಮೈ ಉಜ್ಜುತ್ತಿದ್ದವು. ಅಷ್ಟು ದೊಡ್ಡ ಬೇಟೆಯ ಪ್ರಾಣಿ ಗುಬ್ಬಚ್ಚಿಯಂತೆ ಸದ್ದು ಮಾಡುವುದನ್ನು ಮೊದಲ ಸಲ ಕೇಳಿದವರು ನಂಬುವುದಿಲ್ಲ. ಆ ಗಲಾಟೆಯ ನಡುವೆ ಸೀನು ಶುರುವಾಗುತ್ತಿತ್ತು. ಮೂಗಿನಿಂದ ಗಾಳಿ ಚಿಮ್ಮಿಸಿದಂಥ ಸಣ್ಣ ಸೀನು. ಅದು ಹೊರಡೋಣವೇ ಎಂದು ಕೇಳುವ ರೀತಿ ಎಂದು ಹೆಂಡತಿ ವಿವರಿಸಿದಳು. ಸಾಕಷ್ಟು ಸೀನು ಬಿದ್ದರೆ ಗುಂಪು ಬೇಟೆಗೆ ಹೊರಡುತ್ತದೆ, ಬೀಳದಿದ್ದರೆ ಮತ್ತೆ ಮಲಗುತ್ತದೆ. ಯಜಮಾನ ಜೋಡಿ ಸೀನಿದರೆ ಕೆಲವೇ ಸಾಕು. ಚಿಕ್ಕವು ಶುರು ಮಾಡಿದರೆ ತುಂಬ ಬೇಕು.

ಅತ್ತೆಗೆ ಇದು ಬಹಳ ಹಿಡಿಸಿತು. ಅವರ ಲೆಕ್ಕದಲ್ಲಿ ಮನೆಯಿಂದ ಯಾರಾದರೂ ಹೊರಡುವಾಗ ಒಂಟಿ ಸೀನು ಬಿದ್ದರೆ ಮತ್ತೆ ಒಳಗೆ ಬಂದು, ಕೂತು, ಒಂದು ಗುಟುಕು ನೀರು ಕುಡಿದೇ ಹೋಗಬೇಕು. ಅವರು ಬಂದ ಮೇಲೆ ನಾನು ಎಷ್ಟೋ ಬೆಳಿಗ್ಗೆ ಶೂ ಹಾಕಿಕೊಂಡು, ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿಕೊಂಡೇ ಸೋಫಾದ ತುದಿಯಲ್ಲಿ ಕೂತು ನೀರು ಕುಡಿದು ಆಫೀಸಿಗೆ ಹೋಗಿದ್ದೇನೆ.

"ನೋಡಿ ಅಳಿಯಂದಿರೆ, ನಮ್ಮಲ್ಲಿ ಸೀನಿದ್ರೆ ಕೂರೋದು, ಇವುಗಳಲ್ಲಿ ಸೀನಿದ್ರೆ ಏಳೋದು," ಎಂದರು ಅತ್ತೆ. "ನೀವು ಇವುಗಳ ಜಾತಿಯವರಾಗಿದ್ರೆ ಟೈಮಿಗೆ ಸರಿಯಾಗಿ ಆಫೀಸಲ್ಲಿ ಇರ್ತಿದ್ರಿ."

"ಅಜ್ಜಿ, ದೇ ಆರ್ ವೋಟಿಂಗ್," ಎಂದಳು ಮಗಳು.

"ಓಟೋ ಗೀಟೋ, ನಮ್ಮೂರಿನ ಓಟಿಗಿಂತ ವಾಸಿ. ಸೀನಿದ ಕೂಡಲೆ ಕೆಲಸ ಆಗುತ್ತೆ."

ಅಲ್ಲಿಂದ ಅದೊಂದು ಆಟವಾಯಿತು. ಮಗಳು ಸೀನು ಎಣಿಸುವುದು, ಅತ್ತೆ ಇವತ್ತು ಹೊರಡುತ್ತವೋ ಇಲ್ಲವೋ ಎಂದು ಪಂದ್ಯ ಕಟ್ಟುವುದು. ಬೇಲಿಯೊಳಗೆ ಬೇಟೆ ಎಲ್ಲಿ ಬಂತು? ಗುಂಪು ಎದ್ದು ಬೇಲಿಯ ಸುತ್ತ ಓಡುತ್ತಿತ್ತು, ಆಮೇಲೆ ಕೆಲಸದವರು ಮೇಕೆಯ ಮಾಂಸ ಎಳೆದು ತಂದು ಹಾಕುತ್ತಿದ್ದರು. ಆ ಹೊತ್ತಿಗೆ ಅತ್ತೆ ಕಾಫಿ ಲೋಟ ಹಿಡಿದುಕೊಂಡು ಅಡುಗೆಮನೆಗೆ ಹೋಗಿಬಿಡುತ್ತಿದ್ದರು. ಮಾಂಸ ಕಣ್ಣಿಗೆ ಬಿದ್ದರೂ ಅವರಿಗೆ ಆಗದು. ಆದರೆ ಮರಿಗಳಿಗೆ ತಿನ್ನಿಸುವ ಹೊತ್ತಿಗೆ ಸರಿಯಾಗಿ ವಾಪಸ್ಸು. ಮೊದಲು ತಿನ್ನುವುದು ಮರಿಗಳೇ. ದೊಡ್ಡವು ಸುತ್ತ ನಿಂತು ಕಾಯುತ್ತವೆ. ಬಿಲದ ಹತ್ತಿರ ಕಾವಲಿಗೆ ಉಳಿದದ್ದಕ್ಕೆ, ಕಾಲು ಮುರಿದುಕೊಂಡು ಬಿದ್ದದ್ದಕ್ಕೆ, ತಿಂದು ಬಂದವು ಹೊಟ್ಟೆಯಿಂದ ಕಕ್ಕಿ ಕೊಡುತ್ತವೆ. ಬಾಯಿಗೆ ಬಾಯಿ ಕೊಟ್ಟು ಕೇಳುವುದು, ಕೇಳಿದ್ದಕ್ಕೆ ಇಲ್ಲವೆನ್ನದೆ ಕಕ್ಕುವುದು. ಅವುಗಳ ಬದುಕೆಲ್ಲ ಬಾಯಿಂದ ಬಾಯಿಗೆ ನಡೆಯುತ್ತದೆ.

ಇದೇ ಜಾತಿಯ ನಾಯಿಗಳು ಬಯಲಿನಲ್ಲಿ ಬೇಟೆಯಾಡುವುದನ್ನು ನಾನು ಒಮ್ಮೆ ಉತ್ತರಕ್ಕೆ ಟವರ್ ಕೆಲಸಕ್ಕೆ ಹೋದಾಗ ನೋಡಿದ್ದೆ. ಒಂದು ಇಂಪಾಲಾ ಜಿಂಕೆ ನಿಂತುಕೊಂಡಿರುವಾಗಲೇ ಅದರ ಹೊಟ್ಟೆ ಖಾಲಿಯಾಯಿತು. ನಾನು ಜೀಪಿನಿಂದಿಳಿದು ವಾಂತಿ ಮಾಡಿದೆ. ಅದಕ್ಕಾಗಿಯೇ ಈ ನಾಯಿಗಳನ್ನು ಜನ ಕ್ರೂರಿಗಳೆಂದು ಬಹುಕಾಲ ಗುಂಡಿಟ್ಟು ಕೊಂದರಂತೆ. ಅವು ಗಾಯಾಳುವಿಗೆ ಕಕ್ಕಿ ತಿನ್ನಿಸುವುದನ್ನು ನೋಡಿದ ಮೇಲೂ ಆ ಜಿಂಕೆಯನ್ನು ನಾನು ಮರೆಯಲಿಲ್ಲ. ಎರಡೂ ನಿಜ.

ಆ ಶನಿವಾರ ಸೀನುಗಳು ಬಿದ್ದವು. ಒಂದರ ಹಿಂದೊಂದು, ಎಂದಿಗಿಂತ ಹೆಚ್ಚು. ಮಗಳು ಎಣಿಸುತ್ತ ಕುಣಿದಳು. ಅತ್ತೆ, "ಇವತ್ತು ಮೆರವಣಿಗೆಯೇ ಹೊರಡುತ್ತೆ," ಎಂದರು. ಆದರೆ ಯಾವುದೂ ಏಳಲಿಲ್ಲ. ಯಜಮಾನ ಗಂಡು ಮುಂಗಾಲಿನ ಮೇಲೆ ಮುಖವಿಟ್ಟು ಮಲಗಿತ್ತು. ಸೀನಿತು, ಮತ್ತೆ ಮಲಗಿತು. ಸ್ವಲ್ಪ ಹೊತ್ತು ಕಾದೆವು. ಕೆಲಸದವರು ಮಾಂಸ ತಂದರು. ಪ್ರಾಯದ ನಾಯಿಗಳೆರಡು ಎದ್ದು ಹೋಗಿ ಮೂಸಿ ಬಂದವು.

ಹೆಂಡತಿ ನಗುತ್ತಿರಲಿಲ್ಲ. ಲೋಟ ಕೆಳಗಿಟ್ಟು ಪರದೆಯ ಹತ್ತಿರ ಹೋಗಿ ನಿಂತಳು. "ಇವಕ್ಕೂ ನೆಗಡಿ ಕಣ್ರೀ," ಎಂದಳು. ಆಮೇಲೆ ಯಾರಿಗೂ ಕೇಳಿಸದಂತೆ, "ನಾಯಿಗೆ ಬರೋ ನೆಗಡಿ ಒಳ್ಳೇದಲ್ಲ," ಎಂದಳು.

ಮರುದಿನ ನಾವಿಬ್ಬರೂ ಹೋದೆವು. ಅಲ್ಲಿಯ ಪಶುವೈದ್ಯೆ ಕೀನ್ಯಾದವರೇ, ಐವತ್ತರ ಹತ್ತಿರದ ಹೆಂಗಸು, ಮಾತು ಕಡಿಮೆ. ಒಮ್ಮೆ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಅತ್ತೆ ಅವರನ್ನು ಡಾಕ್ಟರಮ್ಮ ಎಂದೇ ಕರೆಯುತ್ತಿದ್ದರು. ಅವರು ದುರ್ಬೀನು ಕೆಳಗಿಳಿಸಿ, ಕಣ್ಣಲ್ಲೂ ಮೂಗಲ್ಲೂ ಕೀವು ಕಾಣುತ್ತಿದೆ ಎಂದರು. ಒಂದು ಮರಿ ಬಿಲದಿಂದ ದೂರ ಒಂಟಿಯಾಗಿ ಬಿದ್ದಿತ್ತು. ಅದನ್ನು ಬಲೆ ಹಾಕಿ ಎತ್ತಿ ಬೇರೆ ಕೋಣೆಯ ಪೆಟ್ಟಿಗೆಯಲ್ಲಿಟ್ಟರು. ಕಣ್ಣು ತೊಳೆಯುವುದು, ಏನಾದರೂ ತಿನ್ನಿಸುವುದು ಹೆಂಡತಿಯ ಪಾಲಿಗೆ ಬಂತು. ಅವಳೇ ಕೇಳಿ ತೆಗೆದುಕೊಂಡಳು. ದಿನಾ ಹೋದಳು, ದಿನಾ ಮನೆಗೆ ಬಂದ ಕೂಡಲೆ ಹಿಂದಿನ ಬಾಗಿಲಿನಿಂದ ಒಳಗೆ ಬಂದು ತಲೆಗೆ ಸ್ನಾನ ಮಾಡಿದಳು. ಅತ್ತೆಗೆ ಅದು ಮೆಚ್ಚುಗೆಯಾಗಿತ್ತು.

ಮರಿ ಬಹಳ ದಿನ ಉಳಿಯಲಿಲ್ಲ. ಸೋಂಕು ಹರಡಬಾರದೆಂದು ಡಾಕ್ಟರಮ್ಮ ಅದನ್ನು ಅಂದೇ ಸುಡಿಸಿದರು. ಉಳಿದವು ಆ ಹೊತ್ತಿಗೆ ಸ್ವಲ್ಪ ಗೆಲುವಾಗಿದ್ದಂತೆ ಕಂಡವು. ಸೀನು ನಿಂತಿತ್ತು. ನಾವು ನಿರಾಳವಾದೆವು.

ಅದಾದ ಮುಂದಿನ ವಾರ, ಸಂಜೆ, ಅದೇ ಕಾಫಿಯ ಹೊತ್ತು. ಯಜಮಾನ ಗಂಡು ಬೇಲಿಯ ಮೂಲೆಯಲ್ಲಿ ಸುತ್ತುತ್ತಿತ್ತು. ಚಿಕ್ಕ ವೃತ್ತ, ಎಡಕ್ಕೇ. ಬಾಯಲ್ಲಿ ಏನೂ ಇಲ್ಲ, ಆದರೂ ದವಡೆ ಏನನ್ನೋ ಅಗಿಯುವಂತೆ ಆಡುತ್ತಿತ್ತು. ಜೊಲ್ಲು ನೊರೆನೊರೆಯಾಗಿ ಎದೆಗೆ ಇಳಿದಿತ್ತು. ಯಜಮಾನಿ ಹತ್ತಿರ ಬಂದು ಬಾಯಿ ನೆಕ್ಕಹೋದಾಗ ಅದರ ಮುಖಕ್ಕೇ ಬಾಯಿ ಹಾಕಿತು. ಆಮೇಲೆ ತಂತಿಯನ್ನು ಕಚ್ಚಿ ಹಿಡಿದು ಜೋತುಬಿತ್ತು.

"ಹುಚ್ಚು ಹಿಡಿದಿದೆ ಕಣೇ ಅದಕ್ಕೆ," ಎಂದರು ಅತ್ತೆ.

ನಾನು ಟಿವಿ ಆರಿಸಿದೆ. ಮಗಳು ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಹೆಂಡತಿಯ ಫೋನು ಬಡಿದುಕೊಂಡಿತು. ಡಾಕ್ಟರಮ್ಮನೇ. ಅವಳು ಸ್ಪೀಕರ್ ಹಾಕಿದಳು, ಯಾಕೆ ಹಾಕಿದಳೋ.

"ಒಂದೇ ಪ್ರಶ್ನೆ," ಎಂದರು ಡಾಕ್ಟರಮ್ಮ ಇಂಗ್ಲಿಷಿನಲ್ಲಿ. "ಆ ಮರಿಯನ್ನು ಯಾವಾಗಲಾದರೂ ಕೈಗವಸು ಇಲ್ಲದೆ ಮುಟ್ಟಿದ್ದೀಯಾ?"

ಹೆಂಡತಿ ತನ್ನ ಎಡಗೈಯ ತೋರುಬೆರಳನ್ನು ನೋಡಿಕೊಂಡು, "ಹೌದು," ಎಂದಳು.

ಆ ಬೆರಳಿನ ಕತೆ ನಮಗೆಲ್ಲ ಗೊತ್ತಿತ್ತು. ಗೊತ್ತಿಲ್ಲದ್ದು ಅದರ ಅರ್ಧ. ಮರಿಯನ್ನು ಪೆಟ್ಟಿಗೆಗೆ ಹಾಕಿದ ಮರುದಿನ ಅವಳು ಈಳಿಗೆಮಣೆಯಲ್ಲಿ ಕುಂಬಳಕಾಯಿ ಹೆಚ್ಚುವಾಗ ಬೆರಳು ಕುಯ್ದುಕೊಂಡಿದ್ದಳು. ಆ ಈಳಿಗೆಮಣೆಯನ್ನು ಅತ್ತೆ ಸೂಟ್‌ಕೇಸಿನಲ್ಲಿ ಸೀರೆ ಸುತ್ತಿ ಮೈಸೂರಿನಿಂದ ತಂದಿದ್ದರು, ಚಾಕುವಿನಲ್ಲಿ ಹೆಚ್ಚಿದ್ದು ರುಚಿಸುವುದಿಲ್ಲವೆಂದು. ಗಾಯ ಆಳವಾಗಿತ್ತು. ಅತ್ತೆ ಅರಿಶಿನ ಮೆತ್ತಿ, ಹಳೆಯ ಪಂಚೆಯ ಚೂರನ್ನು ಪಟ್ಟಿ ಮಾಡಿ ಕಟ್ಟಿದ್ದರು. ಅಷ್ಟು ನಮಗೆ ಗೊತ್ತು. ಉಳಿದದ್ದನ್ನು ಅವಳು ಈಗ ಫೋನಿನಲ್ಲಿ ಹೇಳಿದಳು. ಮರಿ ರಬ್ಬರಿನ ಕೈಗವಸಿನ ವಾಸನೆಗೆ ಬಾಯಿ ತೆರೆಯುತ್ತಿರಲಿಲ್ಲ. ಬೆರಳಿಗೆ ಮಾಂಸದ ಖೀಮಾ ಮೆತ್ತಿ ಕೊಟ್ಟರೆ ಚೀಪುತ್ತಿತ್ತು. ಹೆಂಡತಿ ಕೈಗವಸು ತೆಗೆದಳು. ಪಟ್ಟಿಯನ್ನೂ ಬಿಚ್ಚಿ ಜೇಬಿಗಿಟ್ಟಳು.

"ಪಟ್ಟಿ ಯಾಕೆ ಬಿಚ್ಚಿದೆ?" ಎಂದೆ ನಾನು. ಫೋನು ಇಟ್ಟಾಗಿತ್ತು.

"ಅಮ್ಮನಿಗೆ ವಾಸನೆ ಗೊತ್ತಾಗುತ್ತಲ್ಲ. ಬಟ್ಟೆಗೆ ಖೀಮಾ ಹತ್ತಿದ್ರೆ ಹೋಗಲ್ಲ. ಕೈ ಆದ್ರೆ ತೊಳೀಬಹುದು."

ಬಲಗೈ ಯಾಕೆ ಕೊಡಲಿಲ್ಲವೆಂದು ನಾನು ಕೇಳಲಿಲ್ಲ. ಬಲಗೈಯಲ್ಲಿ ಊಟ ಮಾಡುತ್ತೇವೆ. ಮೂವತ್ತೆಂಟು ವರ್ಷದ, ಎರಡು ಪದವಿಗಳ ಹೆಂಗಸು ಮಾಂಸ ಮುಟ್ಟಿದ್ದನ್ನು ಅಮ್ಮನಿಂದ ಮುಚ್ಚಿಡಲು, ಗಾಯದ ಕೈಯನ್ನೇ ಕಾಯಿಲೆಯ ಬಾಯಿಗೆ ಕೊಟ್ಟಿದ್ದಳು. ಬೇರೆ ಯಾವ ಮನೆಯವರೂ ಇಂಥ ತಪ್ಪು ಮಾಡಲಾರರು. ನಮ್ಮಂಥ ಮನೆಯವರಿಗೆ ಅದು ತಪ್ಪೆಂದು ಹೊಳೆಯುವುದೂ ಇಲ್ಲ.

ಅತ್ತೆ ಗೋಡೆ ಹಿಡಿದುಕೊಂಡು ನಿಂತಿದ್ದರು. "ಮುಟ್ಟಿದ್ರೆ ಸ್ನಾನ ಮಾಡಿದ್ರೆ ಆಗ್ತಿತ್ತಲ್ಲೇ. ನಾನೇನು ನಿನ್ನ ಮನೆಯಿಂದ ಆಚೆ ಹಾಕ್ತಿದ್ನಾ? ನನಗೆ ಹೆದರಿ ಪಟ್ಟಿ ಬಿಚ್ಚಿದೆಯಲ್ಲೇ..."

"ಹೆದರಿ ಅಲ್ಲಮ್ಮ. ನೀನು ಊಟ ಬಿಟ್ಟುಬಿಡ್ತೀಯ ಅಂತ."



ಅಂದೇ ರಾತ್ರಿ ಆಸ್ಪತ್ರೆಯಲ್ಲಿ, ಆಗಲೇ ಮಾಯುತ್ತ ಬಂದಿದ್ದ ಗಾಯದ ಸುತ್ತ ರೇಬೀಸಿನ ಸೂಜಿ ಚುಚ್ಚಿದರು. ಬೆರಳು ಬೂದುಗುಂಬಳದ ಮಿಡಿಯಂತೆ ಊದಿತು. ತೋಳಿಗೆ ಲಸಿಕೆ ಶುರು ಮಾಡಿದರು. ತಡವಾಗಿದೆ, ಆದರೂ ಸಾಮಾನ್ಯವಾಗಿ ಕೆಲಸ ಮಾಡುತ್ತದೆ ಎಂದರು ಅಲ್ಲಿಯ ವೈದ್ಯರು. ಆ ಸಾಮಾನ್ಯವಾಗಿ ಎಂಬ ಮಾತು ನನ್ನೊಳಗೆ ಕೂತುಬಿಟ್ಟಿತು. ರೇಬೀಸಿನ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಮುಗಿಯಿತೆಂದು ನನಗೂ ಗೊತ್ತು, ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಅವಳು ಅದನ್ನು ಬಿ.ಎಸ್ಸಿ. ಹುಡುಗರಿಗೆ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದ್ದಳು.

ಮರುದಿನ ಬೇಲಿಯ ಹತ್ತಿರ ಡಾಕ್ಟರಮ್ಮ ನಮಗೆ ಇದ್ದದ್ದನ್ನು ಇದ್ದಂತೆ ಹೇಳಿದರು. ಗಂಡಿಗೆ ಬಂದಿರುವುದು ಎರಡರಲ್ಲಿ ಒಂದು. ಹುಚ್ಚುನಾಯಿ ರೋಗ, ಇಲ್ಲವೇ ನೆಗಡಿಯಂತೆ ಶುರುವಾಗಿ ಮಿದುಳಿಗೇರುವ ನಾಯಿಗಳ ಸಾಂಕ್ರಾಮಿಕ, ಡಿಸ್ಟೆಂಪರ್. ಕೊನೆಯ ಹಂತದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ನಾಯಿಗಳಿಗೆ ರೇಬೀಸಿನ ಲಸಿಕೆ ಒಂದು ಸುತ್ತು ಆಗಿತ್ತು, ಆದರೆ ಈ ಜಾತಿಯಲ್ಲಿ ಒಂದು ಸುತ್ತು ಎಷ್ಟು ಹಿಡಿಯುತ್ತದೆಂದು ಭರವಸೆಯಿಲ್ಲ. ಡಿಸ್ಟೆಂಪರಿನ ಮಾಮೂಲಿ ಲಸಿಕೆ ಸಾಕುನಾಯಿಗೆ ಸರಿ, ಕಾಡುನಾಯಿಗೆ ಅದರಿಂದಲೇ ರೋಗ ಬಂದುಬಿಡಬಹುದು, ಆದ್ದರಿಂದ ಹಾಕಿರಲಿಲ್ಲ. ಮಿದುಳನ್ನು ಪರೀಕ್ಷೆ ಮಾಡಿದರೆ ಮಾತ್ರ ತಿಳಿಯುವುದು. ಮರಿಯನ್ನು ಸುಟ್ಟಾಗಿದೆ. ಹಾಗಾಗಿ ಗಂಡನ್ನು ಕೊಲ್ಲಬೇಕು.

"ರೇಬೀಸ್ ಆಗಿದ್ದರೆ?" ಎಂದಳು ಹೆಂಡತಿ.

"ಕಚ್ಚಿಸಿಕೊಳ್ಳದವನ್ನು ಬೇರೆ ಮಾಡುತ್ತೇನೆ, ಮತ್ತೆ ಲಸಿಕೆ ಹಾಕುತ್ತೇನೆ. ಅರ್ಧವಾದರೂ ಉಳಿಯಬಹುದು."

"ಡಿಸ್ಟೆಂಪರ್ ಆಗಿದ್ದರೆ?"

ಡಾಕ್ಟರಮ್ಮ ನಾಯಿಗಳ ಕಡೆ ನೋಡಿದರು. "ಅದು ಮನುಷ್ಯರಿಗೆ ಬರುವುದಿಲ್ಲ. ನೀನು ಪಾರಾದೆ." ಅಷ್ಟು ಹೇಳಿ ನಿಲ್ಲಿಸಿದರು. ಬಿಲದ ಬಾಯಿಯಲ್ಲಿ ಮಿಕ್ಕ ನಾಲ್ಕು ಮರಿಗಳು ಯಜಮಾನಿಯ ತುಟಿ ನೆಕ್ಕುತ್ತ ಊಟ ಕೇಳುತ್ತಿದ್ದವು. ಅದು ಕಕ್ಕಿ ಕೊಟ್ಟಿತು.

ಗಂಡನ್ನು ಮಲಗಿಸಲು ಔಷಧದ ಬಾಣ ಹೊಡೆದಾಗ ನಾವು ಅಲ್ಲೇ ಇದ್ದೆವು. ಪ್ರಾಯದ ನಾಯಿಗಳು ಓಡಿಹೋಗಲಿಲ್ಲ. ಬಿದ್ದ ಗಂಡಿನ ಸುತ್ತ ನಿಂತು, ಕಿವಿ ಹಿಂದಕ್ಕೆ ಮಡಚಿ, ಅದನ್ನು ಎಬ್ಬಿಸಲು ಮೂತಿಯಿಂದ ತಿವಿದವು. ಕೋಲು ಹಿಡಿದು ಅವನ್ನು ಆಚೆ ಸರಿಸಬೇಕಾಯಿತು.

ವಾಪಸು ಬರುವಾಗ ಲಂಗಾಟಾ ರಸ್ತೆಯಲ್ಲಿ ವಾಹನಗಳು ನಿಂತುಬಿಟ್ಟಿದ್ದವು. ಪಕ್ಕದ ಮಟಾಟು ಮಿನಿಬಸ್ಸಿನ ಹಾಡಿಗೆ ನಮ್ಮ ಕಾರಿನ ಗಾಜು ಅದುರುತ್ತಿತ್ತು.

"ರೀ, ನೀವು ಯಾವುದಾಗ್ಲಿ ಅಂತ ಬೇಡ್ಕೋತಿದ್ದೀರಿ?"

ನಾನು ಮುಂದಿನ ಲಾರಿಯ ಹಿಂಭಾಗ ನೋಡುತ್ತ ಕೂತೆ.

"ಹೇಳಿ, ಪರವಾಗಿಲ್ಲ."

"ಇದೂ ಒಂದು ಕೇಳೋ ಮಾತಾ?"

"ಅವು ಹತ್ತಿವೆ ಅಲ್ಲಿ. ನಾಲ್ಕು ಇನ್ನೂ ಹಾಲುಹಲ್ಲಿನವು."

"ನೀನು ಒಬ್ಬಳಿದ್ದೀಯ," ಎಂದೆ. ಅವಳು ಕಿಟಕಿಯ ಕಡೆ ತಿರುಗಿದಳು. ಹತ್ತು ಅಂದಳಲ್ಲ, ಕೊಂದ ಗಂಡುನಾಯಿಯನ್ನು ಅವಳು ಇನ್ನೂ ಲೆಕ್ಕದಿಂದ ತೆಗೆದಿಲ್ಲ ಎಂದು ಮನೆ ಮುಟ್ಟಿದ ಮೇಲೆ ಹೊಳೆಯಿತು.

ಫಲಿತಾಂಶ ಬಂದದ್ದು ಮೂರನೆಯ ದಿನ ಮಧ್ಯಾಹ್ನ. ಫೋನು ತೆಗೆದುಕೊಂಡದ್ದು ನಾನು. ರೇಬೀಸ್ ಇಲ್ಲ, ಡಿಸ್ಟೆಂಪರ್. ಮರಿಗೂ ಇದೇ ಇದ್ದಿರಬೇಕು, ಆದರೂ ಅದನ್ನು ಪರೀಕ್ಷೆ ಮಾಡಿಲ್ಲವಾದ್ದರಿಂದ ಲಸಿಕೆ ಪೂರ್ತಿ ಮಾಡಿಕೊಳ್ಳಲಿ ಎಂದರು ಡಾಕ್ಟರಮ್ಮ. ಕೊನೆಗೆ "ಪೋಲೆ" ಎಂದರು. ದುಃಖದ ಮನೆಯಲ್ಲಿ ಹೇಳುವ ಮಾತು ಅದು. ನನಗೋ ಅದು ಕಿವಿಗೇ ಬೀಳಲಿಲ್ಲ. ನಾನು ಹಾಲಿನ ನಡುವೆ ನಿಂತು ಕೂಗಿದೆ. ಮಗಳನ್ನು ಎತ್ತಿ ತಿರುಗಿಸಿದೆ. ಅತ್ತೆ ದೇವರ ಮುಂದೆ ದೀಪ ಹಚ್ಚಿ, ಮೂಗು ಒರೆಸಿಕೊಳ್ಳುತ್ತ ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಹೆಸರುಬೇಳೆ ಹುರಿಯುವ ವಾಸನೆ ಬಂತು.

ಪಾಯಸದ ಬಟ್ಟಲು ಹೆಂಡತಿಯ ಮುಂದೆ ಬಂದಾಗ ಅವಳು ಅದನ್ನು ನೋಡಿದಳು, ಅಮ್ಮನನ್ನು ನೋಡಿದಳು. "ಯಾರಿಗೆ ಹಬ್ಬ ಅಮ್ಮ?" ಎಂದು ಕೇಳಿ ಎದ್ದು ಬಾಲ್ಕನಿಗೆ ಹೋದಳು. ಬಟ್ಟಲು ಅಲ್ಲೇ ಕೆನೆಗಟ್ಟಿತು. ನಾನು ತಿಂದೆ. ನನ್ನದನ್ನು ಪೂರ್ತಿ ತಿಂದೆ.

ಮುಂದಿನ ವಾರಗಳನ್ನು ಹೆಚ್ಚು ಬರೆಯಲಾರೆ. ಅವಳು ಟಿವಿ ಆರಿಸಲು ಬಿಡಲಿಲ್ಲ. ಮಗಳನ್ನು ಸಂಜೆಯ ಹೊತ್ತು ಪಕ್ಕದ ಮನೆಗೆ ಆಟಕ್ಕೆ ಕಳಿಸುತ್ತಿದ್ದೆವು. ಆ ಗುಂಪಿನಲ್ಲಿ ಯಾವುದು ಹಾಸಿಗೆ ಹಿಡಿದರೂ ಉಳಿದವು ಅದನ್ನು ಬಿಡುತ್ತಿರಲಿಲ್ಲ. ತಿಂದು ಬಂದು ಅದರ ಬಾಯಿಗೆ ಕಕ್ಕುತ್ತಿದ್ದವು. ಕೀವು ಸುರಿಯುವ ಕಣ್ಣು ನೆಕ್ಕಿ ಸ್ವಚ್ಛ ಮಾಡುತ್ತಿದ್ದವು. ಮತ್ತೆ ಮರಿಗಳ ಹತ್ತಿರ ಹೋಗಿ ಅವಕ್ಕೂ ಕಕ್ಕುತ್ತಿದ್ದವು. ಬೇರೆ ಮಾಡಲು ಡಾಕ್ಟರಮ್ಮ ನೋಡಿದರು. ಬೇರೆಯಾದದ್ದು ತಿನ್ನುವುದನ್ನೇ ಬಿಟ್ಟು ತಂತಿಗೆ ಮುಖವಿಟ್ಟು ಹೂ, ಹೂ ಎಂದು ಕರೆಯುತ್ತಿತ್ತು. ಆ ಕೂಗು ಗೂಬೆಯದೋ ಪಾರಿವಾಳದ್ದೋ ಇದ್ದಂತೆ ಮೆತ್ತಗೆ, ಆದರೆ ದೂರಕ್ಕೆ ಕೇಳುವಂಥದ್ದು. ಕಳೆದುಹೋದವರನ್ನು ಕರೆಯುವ ಕೂಗು. ಮರಿಗಳು ಮೊದಲು ಹೋದವು. ಆಮೇಲೆ ಯಜಮಾನಿ. ರೋಗ ಎಲ್ಲಿಂದ ಬಂತೆಂದು ಕೊನೆಗೂ ತಿಳಿಯಲಿಲ್ಲ. ಬೇಲಿಯಾಚೆ ನರಿಗಳು ಓಡಾಡುತ್ತವೆ, ಸುತ್ತಲ ಬಂಗಲೆಗಳಲ್ಲಿ ನಾಯಿಗಳಿವೆ.

ಮನೆಯಲ್ಲಿ ನಾನು ಬೇರೆ ಕಾವಲಿಗೆ ನಿಂತಿದ್ದೆ. ಅವಳು ನೀರಿನ ಲೋಟ ಎತ್ತಿದಾಗಲೆಲ್ಲ ನನ್ನ ಕಣ್ಣು ಅವಳ ಗಂಟಲಿಗೆ ಹೋಗುತ್ತಿತ್ತು. ರೇಬೀಸಿನವರಿಗೆ ನೀರು ಇಳಿಯುವುದಿಲ್ಲ, ಗಾಳಿಯೂ ಸೋಕಬಾರದಲ್ಲ. ಅವಳು ಒಮ್ಮೆ ಕೆಮ್ಮಿದರೆ ನನ್ನ ಅನ್ನ ಕೈಯಲ್ಲೇ ಉಳಿಯುತ್ತಿತ್ತು. ಕಿಟಕಿಯ ಗಾಳಿಗೆ ಮುಖ ತಿರುಗಿಸಿದರೆ ಎದ್ದು ಅವಳ ಹತ್ತಿರ ಹೋಗುತ್ತಿದ್ದೆ. ಒಂದು ದಿನ ಊಟದ ನಡುವೆ ಅವಳು ಜಗ್ಗನ್ನೇ ಎತ್ತಿ, ನನ್ನನ್ನೇ ದಿಟ್ಟಿಸುತ್ತ ಗಟಗಟ ಕುಡಿದಳು. ನೀರು ಕುತ್ತಿಗೆಯ ಮೇಲೆ ಸುರಿಯಿತು.

"ಸಾಕಾ? ಇನ್ನೊಂದು ಜಗ್ ತರ್ಲಾ?"

ಮಗಳು ಮೆಲ್ಲಗೆ, "ಅಪ್ಪಾ, ಸ್ಟಾಪ್ ಲುಕಿಂಗ್ ಅಟ್ ಹರ್ ಲೈಕ್ ದಟ್," ಎಂದಳು.

ನಿಲ್ಲಿಸಲು ನನ್ನಿಂದಾಗಲಿಲ್ಲ. ರಾತ್ರಿ ಅವಳ ಉಸಿರು ಕೇಳುತ್ತ ಮಲಗಿರುತ್ತಿದ್ದೆ. ಅವಳೂ ನಿದ್ದೆ ಮಾಡುತ್ತಿರಲಿಲ್ಲ, ನಿದ್ದೆ ಮಾಡಿದವಳಂತೆ ಬೆನ್ನು ತೋರಿಸಿ ಮಲಗಿರುತ್ತಿದ್ದಳು. ಲಸಿಕೆಗಳು ಮುಗಿದವು. ಸೆಪ್ಟೆಂಬರಿನಲ್ಲಿ ಅತ್ತೆ ಮೈಸೂರಿಗೆ ಹೊರಟರು. ಹೊರಡುವ ಮೊದಲೇ ಈಳಿಗೆಮಣೆಯನ್ನು ಗೇಟು ಕಾಯುವ ಅಸ್ಕಾರಿಗೆ ಕೊಟ್ಟು ದೂರ ಎಲ್ಲಾದರೂ ಎಸೆಯಲು ಹೇಳಿದ್ದರಂತೆ. ವಿಮಾನ ನಿಲ್ದಾಣದಲ್ಲಿ ನನ್ನ ಹೆಂಡತಿಯ ಎಡಗೈ ಬೆರಳನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಆಸ್ಪತ್ರೆಯ ವೈದ್ಯರು, ಮೂರು ತಿಂಗಳು ಕಳೆದರೆ ಬಹುತೇಕ ಚಿಂತೆಯಿಲ್ಲ ಎಂದಿದ್ದರು. ಮೂರು ತಿಂಗಳು ಕಳೆಯಿತು. ಅವತ್ತೂ ನಾವು ಮಲಗಲಿಲ್ಲ. ಬಹುತೇಕ ಅಂದರೆ ಏನು?

ಆ ಹೊತ್ತಿಗೆ ಬೇಲಿಯೊಳಗೆ ಉಳಿದಿದ್ದದ್ದು ಒಂದೇ ಒಂದು. ಹಿಂದಿನ ಸೂಲಿನ ಪ್ರಾಯದ ಹೆಣ್ಣು. ಅದಕ್ಕೂ ರೋಗ ಬಂದು ಹೋಗಿತ್ತು. ಹಿಂಗಾಲಿನಲ್ಲಿ ಸಣ್ಣ ನಡುಕ ಮಾತ್ರ ಉಳಿದಿತ್ತು. ಒಂಟಿ ಕಾಡುನಾಯಿ ಅಂದರೆ ಇದ್ದೂ ಇಲ್ಲದಂತೆ. ಬೇಟೆಗೆ ಜೊತೆ ಬೇಕು, ಕಾಯಿಲೆ ಬಿದ್ದರೆ ಕಕ್ಕಿ ಕೊಡುವವರು ಬೇಕು. ಉತ್ತರದಲ್ಲಿ ಒಂದು ಕಡೆ ಗುಂಪು ಬಿಟ್ಟು ಹೊರಬಂದ ಮೂರು ಗಂಡುಗಳು ಓಡಾಡುತ್ತಿವೆಯೆಂದು ಸುದ್ದಿ ಬಂತು. ಇದನ್ನು ಅಲ್ಲಿಗೆ ಒಯ್ದು, ಪಕ್ಕಪಕ್ಕ ಬೇಲಿ ಹಾಕಿ ಇಟ್ಟು, ಒಪ್ಪಿದರೆ ಬಿಡುವುದು. ಒಪ್ಪದಿದ್ದರೆ ಏನೆಂದು ಡಾಕ್ಟರಮ್ಮ ಹೇಳಲಿಲ್ಲ.

ನವೆಂಬರಿನ ಒಂದು ಶನಿವಾರ ಅದನ್ನು ಮರದ ಪೆಟ್ಟಿಗೆಗೆ ಹಾಕಿ ಲಾರಿ ಹತ್ತಿಸಿದರು. ಹೆಂಡತಿ ಕೈಗವಸು ಹಾಕಿಕೊಂಡು ಪೆಟ್ಟಿಗೆಯ ಸಂದಿಗಳಿಗೆ ಗೋಣಿ ಮುಚ್ಚಿದಳು. ಒಳಗಿನಿಂದ ಸದ್ದೇ ಇರಲಿಲ್ಲ. ಲಾರಿ ಗೇಟು ದಾಟಿದ ಮೇಲೆ ನಾನು ಏಣಿ ಹತ್ತಿ ಕ್ಯಾಮೆರಾ ಬಿಚ್ಚಿದೆ. ಖಾಲಿ ಬೇಲಿಯೊಳಗೆ ಹುಲ್ಲು ಎದ್ದಿತ್ತು.

ಮಳೆ ಹನಿಯುತ್ತಿತ್ತು. ಕಾರು ಅರ್ಧ ದಾರಿ ಬಂತು. ಆಮೇಲೆ ಅವಳು ಹೇಳಿದಳು:

"ಆವತ್ತು ಫೋನ್ ಬಂತಲ್ಲ. ನೀವು ಕೂಗಿದ್ರಿ."

"ಹ್ಞೂಂ."

"ನಾನು ಬಾಲ್ಕನಿಗೆ ಹೋದದ್ದು ಅಳೋದಕ್ಕೆ ಅಂದ್ಕೊಂಡ್ರಾ?"

ನಾನು ಅವಳ ಕಡೆ ತಿರುಗಿದೆ.

"ನಗ್ತಾ ಇದ್ದೆ ಕಣ್ರೀ. ತಡೆಯೋಕೇ ಆಗ್ಲಿಲ್ಲ. ಮಗಳ ಮದುವೆ ನೋಡ್ತೀನಿ ಅಂತ ಅನ್ನಿಸ್ತು. ಅವುಗಳ ಮುಖ ಒಂದೂ ನೆನಪಿಗೆ ಬರ್ಲಿಲ್ಲ ಆಗ." ಕಿಟಕಿಯ ಗಾಜಿನ ಮೇಲೆ ಬೆರಳಾಡಿಸಿದಳು. "ಪಾಯಸ ತಿನ್ನೋ ಮುಖ ಇರಲಿಲ್ಲ ಅಷ್ಟೇ. ನಿಮ್ಮ ಮೇಲೆ ಸಿಟ್ಟು ಮಾಡ್ಕೊಳ್ಳೋದು ಸುಲಭವಾಗಿತ್ತು."

ಗೇರ್ ಬದಲಿಸಿದ ಕೈಯನ್ನು ಅವಳ ಕೈಯ ಮೇಲಿಟ್ಟೆ. ಅವಳು ತೆಗೆಯಲಿಲ್ಲ.

ಮನೆಗೆ ಬಂದು ಮೂವರೂ ಅನ್ನ, ಸಾರು ಊಟ ಮಾಡಿದೆವು. ಮಗಳು ಏನೋ ಶಾಲೆಯ ಜಗಳ ಹೇಳಿದಳು. ಹಾಸಿಗೆಗೆ ಹೋದಾಗ ಹೆಂಡತಿ ನನ್ನ ಕಡೆಗೆ ಮುಖ ಮಾಡಿ ಮಲಗಿದಳು. ಅವಳ ಉಸಿರು ನಿಧಾನವಾದದ್ದನ್ನು ಕೇಳಿದ ನೆನಪಿದೆ. ಅದಾದ ಮೇಲಿನದು ನೆನಪಿಲ್ಲ. ಭಾನುವಾರ ಬೆಳಿಗ್ಗೆ ಮಗಳು ಬಂದು ಪರದೆ ಸರಿಸಿದಾಗ ಹೊತ್ತು ಬಹಳ ಏರಿತ್ತು. ತಾನೇ ಬ್ರೆಡ್ಡು ಸುಟ್ಟುಕೊಂಡು ತಿಂದೆನೆಂದು ದೂರು ಹೇಳಿದಳು. ನಾವಿಬ್ಬರೂ ರಾತ್ರಿಯಿಡೀ ಒಮ್ಮೆಯೂ ಎದ್ದಿರಲಿಲ್ಲ.